ಎರಿ ಬಯಲಿನ ಚಿಗರಿ ಮತ್ತು ಬಂದೂಕಿನ ಈಡು

ಗದಗ ಸೀಮೆಯಲ್ಲಿ ಚಿಗರಿ ಎಂದರೆ ಕೃಷ್ಣಮೃಗ. ಬಲಿತ ಗಂಡಿಗೆ ಸುರುಳಿ ಸುತ್ತಿದ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ; ಹೆಣ್ಣು ಮತ್ತು ಮರಿಗಳದು ಕಂದು ಮೈ. ದೊಡ್ಡ ಗಂಡು ನಲವತ್ತು ಕಿಲೊ ಆಸುಪಾಸು ತೂಗುತ್ತದೆ. ಪ್ರಾಣಿಶಾಸ್ತ್ರದ ಲೆಕ್ಕಕ್ಕೆ ಇದು ಜಿಂಕೆಯಲ್ಲ. ಜಿಂಕೆಯ ಕೊಂಬು ವರ್ಷವರ್ಷ ಉದುರಿ ಹೊಸದು ಮೂಡುತ್ತದೆ, ಚಿಗರಿಯ ಕೋಡು ಸಾಯುವತನಕ ತಲೆಯ ಮೇಲಿರುತ್ತದೆ. ಆದರೆ ಬೇಟೆಯ ಮಾತಿನಲ್ಲೂ ಪತ್ರಿಕೆಯ ಸುದ್ದಿಯಲ್ಲೂ ಅದನ್ನು ಜಿಂಕೆಯೆಂದೇ ಕರೆಯುವುದು ರೂಢಿ. ಚಿಗರಿ ಎಂಬ ಹೆಸರು ಮಾತ್ರ ಹಳೆಯದು. ಟಿ. ಸಿ. ಜರ್ಡನ್ 1867ರಲ್ಲಿ ಪ್ರಕಟಿಸಿದ ಭಾರತದ ಸಸ್ತನಿಗಳ ಗ್ರಂಥದಲ್ಲಿ ಕನ್ನಡದ ಹೆಸರಾಗಿ ಚಿಗರಿಯೇ ಬರುತ್ತದೆ. ಅದಕ್ಕೂ ಮೊದಲು ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಮದರಾಸಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದ. ಇಂದು ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ತ್ವರಿತ ಬಸ್ಸಿಗೂ ಚಿಗರಿ ಎಂದೇ ಹೆಸರು.

ಈ ಪ್ರಾಣಿಗೆ ಬಂದೂಕಿನಲ್ಲಿ ಯಾವ ಈಡು ತುಂಬಬೇಕು, ಹೇಗೆ ಗುರಿ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ಬಹುಪಾಲು ನೆಲವೇ ಕೊಟ್ಟಿದೆ. ಗದಗ ತಾಲ್ಲೂಕಿನ ಹಿರೇಹಂದಿಗೋಳ, ಚಿಕ್ಕಹಂದಿಗೋಳ ಮೊದಲಾದ ಊರುಗಳ ಸೀಮೆ ಜೋಳ, ಹತ್ತಿ, ಕಡಲೆ ಬೆಳೆಯುವ ಎರಿ, ಅಂದರೆ ಕಪ್ಪುಮಣ್ಣಿನ, ಬಯಲುಸೀಮೆ. ಮರ ವಿರಳ, ಮರೆಯೂ ವಿರಳ. ದಕ್ಷಿಣಕ್ಕೆ ಮುಂಡರಗಿ, ಶಿರಹಟ್ಟಿಗಳ ಕಡೆ ಕಪ್ಪತಗುಡ್ಡ ಎದ್ದಿದೆ. ಅಲ್ಲಿ ಕುರುಚಲು ಕಾಡುಂಟು, ನಾಲ್ಕು ಕೋಡಿನ ಕೊಂಡಕುರಿ ಉಂಟು. ಚಿಗರಿಗೆ ಮಾತ್ರ ಬಯಲೇ ಬೇಕು. ಅದರ ಕಾವಲು ಎರಡೇ: ದೂರಕ್ಕೆ ಹಾಯುವ ಕಣ್ಣು, ಗಂಟೆಗೆ ಎಂಬತ್ತು ಕಿಲೊಮೀಟರು ಮುಟ್ಟಬಲ್ಲ ಕಾಲು. ಕಾಡಿನ ಬೇಟೆಗಾರ ಪ್ರಾಣಿಯನ್ನು ಹುಡುಕುತ್ತಾನೆ. ಬಯಲಿನ ಬೇಟೆಗಾರನಿಗೆ ಪ್ರಾಣಿ ಮುಂಜಾನೆಯಿಂದಲೇ ಕಣ್ಣೆದುರಿಗಿರುತ್ತದೆ. ನಡುವಿನ ಹೊಲವನ್ನು ದಾಟುವುದೇ ಅವನ ಪಾಡು. ಆ ದೂರವನ್ನು ತಾನು ನಡೆದು ಕಳೆಯಬೇಕು, ಇಲ್ಲವೆ ಗುಂಡಿನ ಕೈಯಲ್ಲಿ ಕಳೆಯಿಸಬೇಕು.

ಮದ್ದು ಬರುವ ಮೊದಲು ಎರಡನೆಯ ದಾರಿ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆಗೆಂದೇ ಒಂದು ಭಾಗವಿದೆ. ಪಳಗಿಸಿದ ಚೀತಾಗಳನ್ನು ಮೃಗಗಳ ಮೇಲೆ ಬಿಡುವ ವಿನೋದವೂ ಅದರಲ್ಲಿ ಬರುತ್ತದೆ. ಕೊಲ್ಹಾಪುರದ ಛತ್ರಪತಿಗಳು 20ನೇ ಶತಮಾನದಲ್ಲೂ ಇದೇ ಬೇಟೆಯನ್ನು ನಡೆಸಿದರು. ನಾಡಿನ ಚೀತಾ ಸಿಗದಾದಾಗ ಆಫ್ರಿಕಾದಿಂದ ತರಿಸಿಕೊಂಡರು. ಅದು ಅರಮನೆಯ ಮಾತಾಯಿತು. ಹೊಟ್ಟೆಪಾಡಿಗಾಗಿ ಚಿಗರಿ ಹಿಡಿಯುತ್ತಿದ್ದವರು ಹರಣಶಿಕಾರಿಗಳು. ಅವರಲ್ಲಿ ಫಾಸೆಪಾರ್ಧಿ ಎಂದು ಕರೆಸಿಕೊಳ್ಳುವವರ ಹೆಸರಿನ ಫಾಸೆ ಎಂದರೆ ಉರುಲು. ನರದಿಂದ ಹೊಸೆದ ಉರುಲುಗಳನ್ನು ಚಿಗರಿ ಓಡಾಡುವ ದಾರಿಯಲ್ಲಿ ಸಾಲಾಗಿ ನೆಟ್ಟು, ಹಿಂಡನ್ನು ಮೆಲ್ಲಗೆ ಆ ಕಡೆಗೆ ತಿರುಗಿಸುತ್ತಿದ್ದರು. ಇನ್ನೊಂದು ಉಪಾಯದಲ್ಲಿ ಪಳಗಿಸಿದ ಗಂಡು ಚಿಗರಿಯ ಕೋಡಿಗೆ ಉರುಲು ಕಟ್ಟಿ ಹಿಂಡಿನತ್ತ ಬಿಡುವರು; ಹಿಂಡಿನ ಯಜಮಾನ ಕಾಳಗಕ್ಕೆ ಬಂದು ಕೋಡಿಗೆ ಕೋಡು ಹೆಣೆದೊಡನೆ ತಾನೇ ಸಿಕ್ಕಿಬೀಳುವುದು. ಪ್ರಾಣಿಯ ಸ್ವಭಾವವನ್ನೇ ಬಲೆಯಾಗಿಸಿದ ಈ ಕಸುಬಿಗೆ ಮದ್ದಿನ ಖರ್ಚಿಲ್ಲ, ಸದ್ದಿಲ್ಲ, ಬೇಟೆಯ ದೂರ ಎಂಬುದೂ ಇಲ್ಲ. ಬ್ರಿಟಿಷ್ ಸರ್ಕಾರ ಇಂಥ ಅಲೆಮಾರಿ ಸಮುದಾಯಗಳನ್ನು ಅಪರಾಧಿ ಬುಡಕಟ್ಟುಗಳೆಂದು ಪಟ್ಟಿಮಾಡಿ ತಂತಿಬೇಲಿಯ ವಸತಿಗಳಲ್ಲಿ ಕೂಡಿಹಾಕಿತು. ಆ ಪಟ್ಟಿ 1952ರಲ್ಲಿ ರದ್ದಾಯಿತು. ಹುಬ್ಬಳ್ಳಿಯಲ್ಲೂ ಬೆಟಗೇರಿಯಲ್ಲೂ ಸೆಟ್ಲಮೆಂಟ್ ಎಂಬ ಹೆಸರು ಇನ್ನೂ ಉಳಿದಿದೆ.

ದಖ್ಖನಿನಲ್ಲಿ ಕೈಬಂದೂಕು ದೊಡ್ಡದಾಗಿ ಸದ್ದು ಮಾಡಿದ್ದು 1520ರ ರಾಯಚೂರು ಕಾಳಗದ ಹೊತ್ತಿಗೆ. ಕೃಷ್ಣದೇವರಾಯನ ಪರವಾಗಿ ಪೋರ್ಚುಗೀಸ್ ಬಂದೂಕುಗಾರರು ಕೋಟೆಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಕೆಡವಿದರು. ಮುಂದಿನ ಮುನ್ನೂರು ವರ್ಷ ಈ ಸೀಮೆಯಲ್ಲಿ ಓಡಾಡಿದ್ದು ಬತ್ತಿ ಬಂದೂಕು. ಬಾಯಿಂದ ಮದ್ದು ಸುರಿದು, ಅರಿವೆ ತುಂಡಿನೊಡನೆ ಗುಂಡು ಇಳಿಸಿ, ಗಜವೆಂಬ ಕಬ್ಬಿಣದ ಕಡ್ಡಿಯಿಂದ ಜಡಿದು, ಬಂದೂಕಿನ ಕಿವಿಯಲ್ಲಿ ಚಿಟಿಕೆ ಮದ್ದಿಟ್ಟು, ಉರಿಯುವ ಬತ್ತಿಯನ್ನು ಅದಕ್ಕೆ ತಾಗಿಸಬೇಕು. ಈಗ ಕಪ್ಪತಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರಗಳನ್ನು ತಿರುಗಿಸುತ್ತಿರುವ ಗಾಳಿಯಲ್ಲಿ ಕಿವಿಯ ಮದ್ದು ಹಾರಿಹೋಗದಂತೆ ಕಾಯುವುದೇ ಒಂದು ಕೆಲಸ. ಬತ್ತಿಯ ವಾಸನೆಯನ್ನು ಗಾಳಿ ಹಿಂಡಿಗೆ ಒಯ್ದರೆ ಅಂದಿನ ಬೇಟೆ ಅಲ್ಲಿಗೆ ಮುಗಿಯಿತು. 19ನೇ ಶತಮಾನದ ನಡುವಿಗೆ ಬತ್ತಿಯ ಜಾಗಕ್ಕೆ ಕೇಪು ಬಂತು. ಒಳಗೆ ಸ್ಫೋಟಕದ ಲೇಪವಿರುವ ತಾಮ್ರದ ಪುಟ್ಟ ಟೋಪಿಯದು. ಕುದುರೆ ಬಡಿದೊಡನೆ ಕಿಡಿ ಹಾರುತ್ತದೆ, ಮಳೆಗಾಳಿಯ ಕಾಟ ಬಹುಪಾಲು ತಪ್ಪುತ್ತದೆ. ಹಳ್ಳಿಗಳಲ್ಲಿ ಕೇಪಿನ ಬಂದೂಕು ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ.

ಆಗ ನಳಿಗೆಯ ಅಳತೆಯನ್ನು ಇಂಚಿನಲ್ಲಿ ಹೇಳುತ್ತಿರಲಿಲ್ಲ. ಒಂದು ಪೌಂಡು ಸೀಸದಿಂದ ನಳಿಗೆಗೆ ಒಪ್ಪುವ ಹನ್ನೆರಡು ಉಂಡೆಗಳಾದರೆ ಅದು 12 ಬೋರು, ಹದಿನಾರಾದರೆ 16 ಬೋರು. ಹನ್ನೆರಡರ ಒಂದು ಗುಂಡು ಮೂರೂಕಾಲು ತೊಲಿ ತೂಗುತ್ತದೆ. ಚಿಗರಿಗೆ ಇಷ್ಟು ಸೀಸ ಬೇಕಿಲ್ಲ, ಆದರೆ ಒಳಗೆ ನುಣುಪಾದ ನಳಿಗೆಯಿಂದ ಹೊರಟ ಉಂಡೆ ಎಲ್ಲಿಗೆ ಹೋಗುವುದೆಂಬ ಭರವಸೆ ನಲವತ್ತು–ಐವತ್ತು ಹೆಜ್ಜೆಯಾಚೆ ಇರಲಿಲ್ಲ. ಚಿಗರಿಯ ಎದೆಗೂಡಿನ ಆಯಕಟ್ಟಿನ ಜಾಗ ಒಂದು ಗೇಣಿನಷ್ಟೇ. ಹೀಗಾಗಿ ಬತ್ತಿ ಬಂದೂಕಿನವನೂ ಉರುಲಿನವನಂತೆ ಹತ್ತಿರ ಹೋಗಲೇಬೇಕಾಗಿತ್ತು.

ಹತ್ತಿರ ಒಯ್ಯಲು ಇದ್ದ ವಾಹನ ಚಕ್ಕಡಿ. ಹೊಲದಲ್ಲಿ ದಿನವೂ ಓಡಾಡುವ ಎತ್ತು, ಗಾಡಿ, ಮುಂಡಾಸಿನ ರೈತ ಇವರನ್ನು ಕಂಡು ಚಿಗರಿ ಓಡುತ್ತಿರಲಿಲ್ಲ. ಬೇಟೆಗಾರ ಗಾಡಿಯ ಆಚೆ ಮಗ್ಗುಲಲ್ಲಿ ಚಕ್ರದ ಮರೆಗೆ ನಡೆಯುವನು. ಗಾಡಿ ನೇರವಾಗಿ ಹಿಂಡಿನತ್ತ ಹೋಗುವಂತಿಲ್ಲ. ಹಾದುಹೋಗುತ್ತಿರುವಂತೆ ಸುತ್ತು ಹಾಕುತ್ತ, ಪ್ರತಿ ಸುತ್ತಿಗೂ ತುಸು ಒಳಗೆ ಸರಿಯಬೇಕು. ಗಾಡಿ ನಿಲ್ಲುವಂತೆಯೂ ಇಲ್ಲ, ನಿಂತರೆ ಹಿಂಡಿಗೆ ಅನುಮಾನ. ಬೇಟೆಗಾರ ಮಾತ್ರ ನಿಂತುಬಿಡುವನು, ಗಾಡಿ ಮುಂದೆ ಹೋಗುವುದು, ಹಿಂಡಿನ ಕಣ್ಣು ಗಾಡಿಯ ಹಿಂದೆ ತಿರುಗಿದ ಕ್ಷಣದಲ್ಲಿ ಈಡು ಹಾರುವುದು. 19ನೇ ಶತಮಾನದ ಇಂಗ್ಲಿಷ್ ಬೇಟೆಗಾರರ ಬರಹಗಳಲ್ಲಿ ಈ ಉಪಾಯ ಮತ್ತೆ ಮತ್ತೆ ಬರುತ್ತದೆ. ಗುರಿ ತಮ್ಮದೆಂದು ಅವರು ಬರೆದುಕೊಂಡರು. ಎತ್ತುಗಳನ್ನು ಅಳೆದು ತೂಗಿ ನಡೆಸಿದ ಗಾಡಿಯವನ ಹೆಸರು ಆ ಪುಟಗಳಲ್ಲಿ ಸಿಗುವುದು ಅಪರೂಪ.

ಯಾವ ಈಡು ಎಂಬುದು ಯಾರ ಕೈಯಲ್ಲಿ ಬಂದೂಕು ಎಂಬ ಪ್ರಶ್ನೆಯಾಗಿ ತಿರುಗಿದ್ದು 1857ರಲ್ಲಿ. ಉತ್ತರ ಭಾರತದ ಬಂಡಾಯಕ್ಕೆ ಬೆದರಿದ ಕಂಪನಿ ಸರ್ಕಾರ ಆ ವರ್ಷ ಆಯುಧಗಳನ್ನು ನೋಂದಾಯಿಸಬೇಕು, ಇಲ್ಲವೆ ಒಪ್ಪಿಸಬೇಕು ಎಂಬ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಡ ಎಂಬ ಹೆಸರೇ ಬೇಟೆಯದು. ಆಯುಧ ಅವರಿಗೆ ಕಸುಬಿನ ಉಪಕರಣವೂ ಹೌದು, ಸಿಪಾಯಿಗಿರಿಯ ಗುರುತೂ ಹೌದು. ನವೆಂಬರ್ ಕೊನೆಯಲ್ಲಿ ಪಡೆ ಊರಿಗೆ ಮುತ್ತಿಗೆ ಹಾಕಿ ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೇರಿಸಲಾಯಿತು. ಈ ಕಾಳಗವನ್ನು ಹಾಡುವ ಲಾವಣಿಯನ್ನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ.

ಮುಂದಿನ ವರ್ಷ ಕಿಡಿ ಗದಗ ಸೀಮೆಗೇ ಬಿತ್ತು. ಕಂಪನಿಯ ಚಾಕರಿಯಲ್ಲಿದ್ದು ಹೊರಬಂದ ಮುಂಡರಗಿ ಭೀಮರಾಯ ಹಮ್ಮಿಗಿಯ ವಾಡೆಯಲ್ಲಿ ಆಯುಧ ಕೂಡಿಡಿಸಿದ್ದ. 1858ರ ಮೇ ತಿಂಗಳಲ್ಲಿ ಅಧಿಕಾರಿಗಳು ಅದನ್ನು ಪತ್ತೆಹಚ್ಚಿ ಮುಟ್ಟುಗೋಲು ಹಾಕಿದಾಗ ಭೀಮರಾಯ ಹಮ್ಮಿಗಿಯ ಮೇಲೆ ಬಿದ್ದು ಅವನ್ನು ಮರಳಿ ಪಡೆದು, ಡಂಬಳದ ಖಜಾನೆ ಲೂಟಿ ಮಾಡಿ, ಕೊಪ್ಪಳದ ಕೋಟೆ ಸೇರಿದ. ಜೂನ್ 1ರಂದು ಕೋಟೆ ಬಿತ್ತು, ಅವನೂ ಬಿದ್ದ. ಅದೇ ಹೊತ್ತಿಗೆ ನರಗುಂದವೂ ಕಂಪನಿಯ ಕೈಸೇರಿತು. ಅಲ್ಲಿನ ಅರಸ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. 1878ರ ಆಯುಧ ಕಾಯ್ದೆ ಬಂದ ಮೇಲೆ ಪರವಾನಗಿ ಇಲ್ಲದ ಬಂದೂಕು ಅಪರಾಧವಾಯಿತು. ಸೀಮೆಯ ರಾಜಕೀಯ ನಕ್ಷೆಯಾದರೋ ತೇಪೆ ಹಾಕಿದ ಕೌದಿಯಂತಿತ್ತು. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿತ್ತು, ಶಿರಹಟ್ಟಿ ಸಾಂಗಲಿಯವರದು, ಲಕ್ಷ್ಮೇಶ್ವರ ಮಿರಜಿನ ಪಟವರ್ಧನರದು, ತುಂಗಭದ್ರೆಯ ಬಯಲಿನ ಕೊಪ್ಪಳ ನಿಜಾಮನ ರಾಜ್ಯದ ಸಾಲಾರಜಂಗರ ಜಾಗೀರು. ಚಿಗರಿಯ ಹಿಂಡು ಒಂದೇ ಬೆಳಗಿನಲ್ಲಿ ಒಂದು ಸರ್ಕಾರದ ಗಡಿಯಿಂದ ಇನ್ನೊಂದಕ್ಕೆ ದಾಟುತ್ತಿತ್ತು, ಬಂದೂಕಿನ ಕಾಗದ ಹಾಗೆ ದಾಟುವಂತಿರಲಿಲ್ಲ.

ಅದೇ ದಶಕಗಳಲ್ಲಿ ಗುಂಡಿನ ರೂಪವೇ ಬದಲಾಯಿತು. ನಳಿಗೆಯೊಳಗೆ ಸುರುಳಿ ಸುತ್ತಿನ ಗೀರು ಕೊರೆದು, ಉಂಡೆಯ ಬದಲು ಉದ್ದನೆಯ ಮೊನೆಗುಂಡು ಹಾಕಿದರೆ ಅದು ಬುಗುರಿಯಂತೆ ತಿರುಗುತ್ತ ದಾರಿ ತಪ್ಪದೆ ಹೋಗುತ್ತದೆ. ಸಿಪಾಯಿಗಳ ಸಿಟ್ಟಿಗೆ ಒಂದು ಕಾರಣವಾದ 1853ರ ಎನ್‌ಫೀಲ್ಡ್ ಬಂದೂಕು ಈ ಬಗೆಯದು. ಅದರ ಈಡಿನಲ್ಲಿ ಸುಮಾರು ಮೂರು ತೊಲಿ ಸೀಸಕ್ಕೆ ಅರ್ಧ ತೊಲಿಗೂ ಕಡಿಮೆ ಮದ್ದು. ಗುಂಡು ಭಾರ, ವೇಗ ಸೆಕೆಂಡಿಗೆ ಮುನ್ನೂರು ಮೀಟರಿನೊಳಗೆ. ಸೈನ್ಯದ ಸಾಲಿಗೆ ಹೊಡೆಯಲು ಇದು ಸಾಕು. ಚಿಗರಿಯ ಮುಂದೆ ಇದರ ಬಣ್ಣ ಬಯಲಾಯಿತು. ನಿಧಾನದ ಗುಂಡು ದೂರ ಹೋಗಬೇಕಾದರೆ ಎತ್ತರಕ್ಕೆ ಕಮಾನು ಹಾಕಿ ಹೋಗಬೇಕು. 200 ಗಜಕ್ಕೆ ಗುರಿ ಕೂಡಿಸಿದ ಎನ್‌ಫೀಲ್ಡಿನ ಗುಂಡು ನಡುದಾರಿಯಲ್ಲಿ, ಅಂದರೆ 100 ಗಜದಲ್ಲಿ, ಕಣ್ಣಿನ ಗೆರೆಗಿಂತ ಸುಮಾರು ಎರಡು ಅಡಿ ಮೇಲೆ ಹಾಯುತ್ತದೆ. 200 ಎಂದು ಅಂದಾಜಿಸಿದ ಚಿಗರಿ ನಿಜಕ್ಕೂ 130 ಗಜದಲ್ಲಿದ್ದರೆ ಗುಂಡು ಅದರ ಬೆನ್ನಿನ ಮೇಲಿಂದ ಹಾರಿಹೋಗುವುದು ಖಂಡಿತ. ಮರ, ಬೇಲಿ, ಮನೆ ಒಂದೂ ಇಲ್ಲದ ಬಯಲಿನಲ್ಲಿ ದೂರದ ಅಂದಾಜು ತಪ್ಪುವಷ್ಟು ಬೇರೆಲ್ಲೂ ತಪ್ಪುವುದಿಲ್ಲ.

ಮಧ್ಯ ಭಾರತದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಫೋರ್ಸೈತ್ 1863ರಲ್ಲಿ ಬೇಟೆಯ ರೈಫಲ್ಲು ಮತ್ತು ಅದರ ಗುಂಡುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಸೈನ್ಯದ ಗುಂಡನ್ನು ಕಾಡಿಗೆ ತರಬೇಡಿ, ಬೇಟೆಗೆ ಬೇಕಾದುದು ಚಪ್ಪಟೆ ದಾರಿ ಎಂಬುದು ಅವನ ವಾದದ ತಿರುಳು. ಹಗುರ ಗುಂಡು, ಹೆಚ್ಚು ಮದ್ದು ಎಂಬ ಈ ದಿಕ್ಕಿನಲ್ಲಿ ಲಂಡನ್ನಿನ ಜೇಮ್ಸ್ ಪರ್ಡಿ 1856ರಲ್ಲೇ ಹೊರಟಿದ್ದ. ವೇಗದ ರೈಲನ್ನು ನೆನೆದು ತನ್ನ ರೈಫಲ್ಲಿಗೆ ಎಕ್ಸ್‌ಪ್ರೆಸ್ ಟ್ರೇನ್ ಎಂದು ಹೆಸರಿಟ್ಟಿದ್ದ. 1870ರ ದಶಕಕ್ಕೆ .450 ಬೋರಿನ ಎಕ್ಸ್‌ಪ್ರೆಸ್ ರೈಫಲ್ಲು ಭಾರತದ ಬಯಲು ಬೇಟೆಗೆ ಮೆಚ್ಚಿನದಾಯಿತು. ಎನ್‌ಫೀಲ್ಡಿನ ತೂಕದೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ: ಇಲ್ಲಿ ಒಂದೂವರೆ ತೊಲಿ ಸೀಸಕ್ಕೆ ಮುಕ್ಕಾಲು ತೊಲಿಗೆ ತುಸು ಕಡಿಮೆ ಮದ್ದು. ವೇಗ ದುಪ್ಪಟ್ಟು. ಸುಮಾರು 150 ಗಜದತನಕ ಗುರಿಪಟ್ಟಿಯನ್ನು ಏರಿಸಿ ಇಳಿಸುವ ತಾಪತ್ರಯವಿಲ್ಲ, ಎದೆಗೆ ಗುರಿ ಹಿಡಿದು ಗುಂಡು ಹಾರಿಸಿದರಾಯಿತು. ಗುಂಡಿನ ಮೂತಿಯಲ್ಲಿ ಪೊಳ್ಳು ಬಿಟ್ಟು ತಾಮ್ರದ ಕೊಳವೆ ಕೂಡಿಸುತ್ತಿದ್ದರು. ಮೈಗೆ ತಾಗಿದೊಡನೆ ಅದು ಅರಳಿ ಅಲ್ಲೇ ಕೆಲಸ ಮುಗಿಸುತ್ತಿತ್ತು. ಆನೆ, ಕಾಟಿಗಳಿಗೆ ಇದು ನಡೆಯದು. ಮೈಸೂರು ಸೀಮೆಯಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಬಂದೂಕುಗಳ ಚರ್ಚೆಗೆ ಪುಟಗಳನ್ನು ಮೀಸಲಿಟ್ಟದ್ದು ಇಂಥ ಭಾರಿ ಪ್ರಾಣಿಗಳ ಸಲುವಾಗಿ. ಚಿಗರಿಯ ತೆಳ್ಳನೆಯ ಮೈಗೆ ಮಾತ್ರ ಎಕ್ಸ್‌ಪ್ರೆಸ್ ಹೇಳಿಮಾಡಿಸಿದಂತಿತ್ತು.

1884ರಲ್ಲಿ ಗದಗಿಗೆ ರೈಲು ಬಂತು. ಹೊತ್ತಿಗೆ ಸರಿಯಾಗಿ ಮದ್ದು, ಗುಂಡು, ಕೇಪು ಮೂರೂ ಒಂದೇ ಹಿತ್ತಾಳೆ ಚಿಪ್ಪಿನಲ್ಲಿ ಸೇರಿದ ತೋಟಾಗಳೂ ಬಂದಿದ್ದವು. ತೋಟಾ ಬಂದ ಮೇಲೆ ಈಡಿನ ಅಳತೆ ಬೇಟೆಗಾರನ ಕೈಬಿಟ್ಟು ಕಾರ್ಖಾನೆಯ ಕೈಗೆ ಹೋಯಿತು. ಕೈಯಳತೆಯ ಮದ್ದು ಹಳ್ಳಿಯ ಕೇಪಿನ ಬಂದೂಕಿಗಷ್ಟೇ ಉಳಿಯಿತು.

ಅದೇ 1884ರಲ್ಲಿ ಫ್ರಾನ್ಸಿನ ಪೌಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಮಾಡಿದ. ಬ್ರಿಟನ್ನಿನಲ್ಲಿ ಅದರ ರೂಪ ಕಾರ್ಡೈಟ್. ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅದರ ಕಾರ್ಖಾನೆ ಎದ್ದಿತು. ಕರಿಮದ್ದಿನ ಈಡಿನ ನಂತರ ಕಣ್ಮುಂದೆ ಕವಿಯುತ್ತಿದ್ದ ಬಿಳಿಮೋಡ ಇಲ್ಲವಾಯಿತು, ವೇಗ ಮತ್ತೂ ಏರಿತು. ಬೋರು ಕಿರಿದಾಯಿತು. ರಿಗ್ಬಿ ಕಂಪನಿಯ .275 ರೈಫಲ್ಲಿನ ಗುಂಡು ಮುಕ್ಕಾಲು ತೊಲಿಗೆ ತುಸು ಹೆಚ್ಚು, 140 ಗ್ರೇನು ತೂಕದ್ದು, ಸೆಕೆಂಡಿಗೆ 800 ಮೀಟರು ದಾಟುತ್ತಿತ್ತು. ಚಿಗರಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂಬುದು ಆ ಕಾಲದ ಬೇಟೆಗಾರರಲ್ಲಿ ಹರಡಿದ್ದ ಅಭಿಪ್ರಾಯ.

ಆದರೆ ವೇಗದ ಗುಂಡಿಗೆ ಸೀಸ ತಡೆಯದು, ತಾಮ್ರದ ಕವಚ ತೊಡಿಸಬೇಕು. ಪೂರ್ತಿ ಕವಚದ ಗುಂಡು ಚಿಗರಿಯ ಮೈಯಲ್ಲಿ ಸೂಜಿಯಂತೆ ತೂರಿ ಆಚೆ ಹೊರಟುಹೋಗುತ್ತದೆ. ಪ್ರಾಣಿ ಮೈಲುಗಟ್ಟಲೆ ಓಡಿ, ಯಾರ ಕೈಗೂ ಸಿಗದೆ ಎಲ್ಲೋ ಸಾಯುತ್ತದೆ. ಮೂತಿಯಲ್ಲಿ ಸೀಸವನ್ನು ಬತ್ತಲೆ ಬಿಟ್ಟರೆ ಗುಂಡು ತಾಗಿದಲ್ಲಿ ಅಣಬೆಯಂತೆ ಅರಳುತ್ತದೆ. ಕಲಕತ್ತೆಯ ಬಳಿಯ ಡಂಡಂ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಸೈನ್ಯಕ್ಕಾಗಿ ಮಾಡಿದ್ದು ಇಂಥದನ್ನೇ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇದನ್ನು ನಿಷೇಧಿಸಿತು. ಬೇಟೆಯ ನಿಯಮ ತಲೆಕೆಳಗು: ಇಂದು ಜಿಂಕೆ ಬೇಟೆ ಕಾನೂನುಬದ್ಧವಾಗಿರುವ ಹಲವು ದೇಶಗಳಲ್ಲಿ ಅರಳುವ ಗುಂಡೇ ಕಡ್ಡಾಯ, ಪೂರ್ತಿ ಕವಚದ್ದು ನಿಷಿದ್ಧ. ಮನುಷ್ಯನ ವಿಷಯದಲ್ಲಿ ಕ್ರೌರ್ಯವಾದದ್ದು ಮೃಗದ ವಿಷಯದಲ್ಲಿ ಕರುಣೆಯೆನಿಸಿಕೊಂಡದ್ದಕ್ಕೆ ಗಾಯಗೊಂಡ ಸೈನಿಕನಿಗೆ ಆಸ್ಪತ್ರೆಯುಂಟು, ಚಿಗರಿಗಿಲ್ಲ ಎಂಬುದೇ ಸಮರ್ಥನೆ.

ಭಾರತದಲ್ಲಿ ಬೇಟೆಗಾರ ಪುಸ್ತಕ ನೋಡಿ ಬೋರು ಆರಿಸುವಂತಿರಲಿಲ್ಲ. ಸೈನ್ಯದ .303 ತೋಟಾ ಖಾಸಗಿಯವರ ಕೈಗೆ ಸಿಗಬಾರದೆಂದು ಸರ್ಕಾರ ತಡೆಹಾಕಿತ್ತು. 1907ರ ಸುಮಾರಿಗೆ .450 ಬೋರಿಗೂ ಅದೇ ಗತಿಯಾಯಿತು. ಇಂಗ್ಲೆಂಡಿನ ಬಂದೂಕು ಕಂಪನಿಗಳು ತಡೆಯನ್ನು ದಾಟಲು .465, .470, .475 ಎಂದು ಕೂದಲೆಳೆಯ ವ್ಯತ್ಯಾಸದ ಬೋರುಗಳನ್ನು ಹೆತ್ತವು. ಸ್ವಾತಂತ್ರ್ಯಾನಂತರ ಸಾಮಾನ್ಯ ಪರವಾನಗಿದಾರನ ರೈಫಲ್ಲು ಎಂದರೆ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ಎಂಬಂತಾಯಿತು. ಆಸ್ಟ್ರಿಯಾ–ಹಂಗೆರಿ ಸೈನ್ಯದ ಹಳೆಯ 8 ಮಿಲಿಮೀಟರ್ ತೋಟಾ ಅದರ ಮೂಲ. ಅದರ 244 ಗ್ರೇನಿನ ಗುಂಡು ಒಂದೂಕಾಲು ತೊಲಿಗೂ ಹೆಚ್ಚು. ಹಂದಿಗೆ, ಕಡವೆಗೆ ಅದು ಒಪ್ಪುತ್ತದೆ, ಚಿಗರಿಗೆ ಅತಿಯಾಯಿತು. ಅಂತೂ ಪ್ರಾಣಿಯ ಮೈಕಟ್ಟನ್ನು ನೋಡಿ ಗುಂಡು ಆರಿಸುವ ಚರ್ಚೆ ಕ್ಲಬ್ಬಿನ ಕುರ್ಚಿಯಲ್ಲಿ ನಡೆಯುತ್ತಿತ್ತು. ಕಚೇರಿಯ ಕಾಗದದಲ್ಲಿ ಯಾವ ಬೋರು ಬರೆದಿದೆಯೋ ಅದೇ ಗಾಡಿ ಏರುತ್ತಿತ್ತು.

ಬಹುಮಂದಿಗೆ ರೈಫಲ್ಲೇ ಇರಲಿಲ್ಲ. ಗೌಡರ, ದೇಸಾಯರ ಮನೆಗಳಲ್ಲಿದ್ದುದು 12 ಬೋರಿನ ಜೋಡುನಳಿಗೆ. ಅದರ ತೋಟಾದಲ್ಲಿ ಗುಂಡಿನ ಬದಲು ಸೀಸದ ಚರೆ ಇರುತ್ತದೆ. ಹಕ್ಕಿಗೆ ಹಾಕುವ 6ನೇ ನಂಬರಿನಲ್ಲಿ ಔನ್ಸಿಗೆ 270 ಕಾಳು, 4ನೇ ನಂಬರಿನಲ್ಲಿ 170, ಬಿಬಿಯಲ್ಲಿ 70, ಎಸ್‌ಎಸ್‌ಜಿಯಲ್ಲಿ 15, ಎಸ್‌ಜಿಯಲ್ಲಿ ಎಂಟೇ. ಎಲ್‌ಜಿ ಇನ್ನೂ ದಪ್ಪ. ಪುಣೆಯ ಖಡಕಿಯ ಕಾರ್ಖಾನೆಯ ಶಕ್ತಿಮಾನ್ ತೋಟಾಗಳ ಡಬ್ಬಿಯ ಮೇಲೂ ಇವೇ ಗುರುತು. ಚಿಗರಿಗೆ ಎಸ್‌ಜಿ ಅಥವಾ ಎಲ್‌ಜಿ. ಕಾಳು ದಪ್ಪವಾದಷ್ಟೂ ಆಳಕ್ಕೆ ಇಳಿಯುತ್ತದೆ, ಆದರೆ ಎಣಿಕೆ ಕಡಿಮೆಯಾದ್ದರಿಂದ ನಲವತ್ತು ಗಜದಾಚೆ ಕಾಳುಗಳ ನಡುವಿನ ಖಾಲಿ ಜಾಗದಲ್ಲಿ ಇಡೀ ಚಿಗರಿ ಪಾರಾಗಬಹುದು. ಇಲ್ಲವೆ ಒಂದೇ ಕಾಳು ಹೊಟ್ಟೆಗೆ ತಾಗಿ ಓಡಬಹುದು. ನೂರು ಗಜಕ್ಕೆ ಚರೆ ಹಾರಿಸಿದವನು ಕೊಂದದ್ದಕ್ಕಿಂತ ಗಾಯ ಮಾಡಿದ್ದೇ ಹೆಚ್ಚು. ಹೀಗೆ ಚರೆಯ ಬಂದೂಕು ಬೇಟೆಗಾರನನ್ನು ಮತ್ತೆ ಬತ್ತಿ ಬಂದೂಕಿನ ನಲವತ್ತು ಹೆಜ್ಜೆಗೇ ತಂದು ನಿಲ್ಲಿಸಿತ್ತು.

ಗುರಿಯ ದುರ್ಬೀನು ಇವೆಲ್ಲಕ್ಕಿಂತ ತಡವಾಗಿ ಬಂದ ವಸ್ತು. 1840ರ ದಶಕದ ಅಮೆರಿಕದಲ್ಲಿ ನಳಿಗೆಯಷ್ಟೇ ಉದ್ದದ ದುರ್ಬೀನು ಕಟ್ಟಿದ ರೈಫಲ್ಲುಗಳಿದ್ದವು. 1900ರ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಗಿಡ್ಡನೆಯವು ಬಂದವು. ಮೊದಲ ಮಹಾಯುದ್ಧ ಅವುಗಳನ್ನು ಕಂದಕಗಳಿಗೆ ಒಯ್ದಿತು. ಭಾರತದ ಬೇಟೆಗಾರನ ರೈಫಲ್ಲಿನಲ್ಲಿ ಸಾಮಾನ್ಯವಾಗಿ ಇದ್ದುದು ಹಿಂದೆ ವಿ ಆಕಾರದ ಸೀಳು, ಮುಂದೆ ಗುರಿಮೊನೆ, 200 ಮತ್ತು 300 ಗಜಕ್ಕೆ ಎತ್ತಿ ನಿಲ್ಲಿಸುವ ಮಡಚುಪಟ್ಟಿಗಳು. ದುರ್ಬೀನನ್ನು ಅವರು ನಂಬದಿರಲು ಕಾರಣಗಳಿದ್ದವು. ಬಿಸಿಲಿಗೆ ಕೊಳವೆಯ ಅಂಟು ಬಿಡುತ್ತಿತ್ತು, ಮುಂಗಾರಿನ ತೇವ ಒಳಹೊಕ್ಕು ಗಾಜಿನ ಮೇಲೆ ಮಂಜು ಹಿಡಿಯುತ್ತಿತ್ತು, ಚಕ್ಕಡಿಯ ಕುಲುಕಾಟಕ್ಕೆ ಕೂಡಿಸಿದ ಗುರಿ ಅಲುಗುತ್ತಿತ್ತು. ಅಮೆರಿಕದ ಲ್ಯೂಪೋಲ್ಡ್ ಕಂಪನಿ ಕೊಳವೆಯೊಳಗೆ ಸಾರಜನಕ ತುಂಬಿ ಮಂಜು ಹಿಡಿಯದ ದುರ್ಬೀನು ಮಾರಲು ತೊಡಗಿದ್ದು 1947ರಲ್ಲಿ.

ದುರ್ಬೀನಿನ ಆಯ್ಕೆಯಲ್ಲಿ ಹಿಗ್ಗಿಸುವ ಶಕ್ತಿಯೊಂದೇ ಲೆಕ್ಕವಲ್ಲ. ಮುಂದಿನ ಗಾಜಿನ ವ್ಯಾಸವನ್ನು ಹಿಗ್ಗಿಕೆಯಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 32 ಮಿಲಿಮೀಟರ್ ಗಾಜಿನ 4 ಪಟ್ಟಿನ ದುರ್ಬೀನಿಗೆ ಅದು 8 ಮಿಲಿಮೀಟರು. ಮುಸ್ಸಂಜೆಯಲ್ಲಿ ಅರಳಿದ ಕಣ್ಣಿನ ಪಾಪೆ 5ರಿಂದ 7 ಮಿಲಿಮೀಟರ್ ಇರುವುದರಿಂದ ಬೆಳಕು ಸಾಲದೆಂಬ ಮಾತಿಲ್ಲ. ಈಗ ಜಗತ್ತಿನೆಲ್ಲೆಡೆ ಮಾರಾಟವಾಗುವ 3ರಿಂದ 9 ಪಟ್ಟಿನ, 40 ಮಿಲಿಮೀಟರ್ ಗಾಜಿನದನ್ನು 9ಕ್ಕೆ ತಿರುಗಿಸಿದರೆ ಕಂಬ 4.4ಕ್ಕೆ ಇಳಿದು ಚಿತ್ರ ಮಂಕಾಗುತ್ತದೆ. ಎರಿ ಬಯಲಿಗೆ ಇನ್ನೊಂದು ತೊಡಕುಂಟು. ಹಗಲು ಹತ್ತರ ಮೇಲೆ ಕಾದ ನೆಲದಿಂದ ಬಿಸಿಲುಗುದುರೆ ಏಳುತ್ತದೆ. ಹಿಗ್ಗಿಕೆ ಹೆಚ್ಚಿದಷ್ಟೂ ಆ ನಡುಕವೂ ಹಿಗ್ಗಿ, ಚಿಗರಿ ನೀರಿನಲ್ಲಿ ನಿಂತು ತೂಗಿದಂತೆ ಕಾಣುತ್ತದೆ. ಇಂಥ ನೆಲದಲ್ಲಿ 4 ಪಟ್ಟೇ ಧಾರಾಳ. ಗುರಿ ಕೂಡಿಸುವ ಲೆಕ್ಕವೂ ವೇಗದೊಂದಿಗೆ ಸುಲಭವಾಗಿತ್ತು: 150 ಗ್ರೇನಿನ .30-06 ರೈಫಲ್ಲನ್ನು 200 ಗಜಕ್ಕೆ ಕೂಡಿಸಿದರೆ 100 ಗಜದಲ್ಲಿ ಗುಂಡು ಎರಡು ಇಂಚು ಮೇಲಿರುತ್ತದೆ, 300ರಲ್ಲಿ ಎಂಟು ಇಂಚಿನಷ್ಟು ಕೆಳಗೆ. ಎನ್‌ಫೀಲ್ಡಿನ ಎರಡು ಅಡಿ ನೂರು ವರ್ಷದೊಳಗೆ ಎರಡು ಇಂಚಾಗಿತ್ತು.

ಆದರೆ ಗದಗ ಸೀಮೆಯ ಚಿಗರಿಯನ್ನು ಕಡಿಮೆ ಮಾಡಿದ್ದು ದುರ್ಬೀನೂ ಅಲ್ಲ, ಉತ್ತಮ ಗುಂಡೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಜೀಪುಗಳು ಹೊರಗೆ ಬಂದವು. ರಾತ್ರಿ ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಹಿಂಡಿನ ಪಕ್ಕಕ್ಕೇ ಜೀಪು ಒಯ್ದು, ಅಗ್ಗದ ಚರೆಯ ತೋಟಾ ಹಾರಿಸುವ ಚಾಳಿ ದೇಶದ ಬಯಲುಸೀಮೆಗಳಲ್ಲೆಲ್ಲ ಹಬ್ಬಿತು. ಚಕ್ಕಡಿ ದಿನವಿಡೀ ಸುತ್ತಿ ಕಳೆಯುತ್ತಿದ್ದ ದೂರವನ್ನು ಜೀಪು ಒಂದು ನಿಮಿಷದಲ್ಲಿ ಕಳೆಯಿತು. ಇದರೊಡನೆ ಹುಲ್ಲುಗಾವಲು ಹೊಲವಾದದ್ದೂ ಸೇರಿ, 20ನೇ ಶತಮಾನದ ನಡುವಿಗೆ ಕೃಷ್ಣಮೃಗದ ಹಿಂಡುಗಳು ದೇಶದುದ್ದಕ್ಕೂ ಕರಗಿದವು.

ಕಾನೂನು ಹಂತಹಂತವಾಗಿ ಬಿಗಿಯಾಯಿತು. 1912ರ ಕೇಂದ್ರ ಕಾಯ್ದೆ ಮೃಗಪಕ್ಷಿಗಳಿಗೆ ಬೇಟೆ ನಿಷೇಧದ ಋತು ಗೊತ್ತುಮಾಡಲು ಅವಕಾಶ ಕೊಟ್ಟಿತು; ಆದರೆ ಆಸ್ತಿ ಕಾಯ್ದುಕೊಳ್ಳಲು ಕೊಲ್ಲುವುದನ್ನು ತಪ್ಪೆಂದು ಎಣಿಸಲಿಲ್ಲ. ಧಾರವಾಡ ಜಿಲ್ಲೆ ಸೇರಿದ್ದ ಮುಂಬಯಿ ರಾಜ್ಯ 1951ರಲ್ಲಿ ತನ್ನದೇ ವನ್ಯಪ್ರಾಣಿ ಕಾಯ್ದೆ ಮಾಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ, ಇಟ್ಟಿತು. ಜಗತ್ತಿನಲ್ಲಿ ಒಳ್ಳೆಯ ದುರ್ಬೀನು ಸಾಮಾನ್ಯನ ಕೈಗೆಟುಕುವ ಹೊತ್ತಿಗೆ ಈ ಬಯಲಿನಲ್ಲಿ ಅದನ್ನು ಹಿಡಿದು ನೋಡಬೇಕಾದ ಬೇಟೆಯೇ ಇರಲಿಲ್ಲ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. 2019ರಲ್ಲಿ ಕಪ್ಪತಗುಡ್ಡವೂ ವನ್ಯಜೀವಿ ಧಾಮವೆಂದು ಘೋಷಣೆಯಾಯಿತು.

ಈಗ ಹಿಂಡುಗಳು ಎರಿ ಹೊಲಗಳಲ್ಲಿ ಮತ್ತೆ ಕಾಣುತ್ತಿವೆ, ಮೊಳಕೆಯ ಕಡಲೆ, ಹೆಸರು, ಜೋಳ ಮೇಯುತ್ತಿವೆ. ಊರ ಹೆಸರಲ್ಲೇ ಹಂದಿಯಿರುವ ಹಿರೇಹಂದಿಗೋಳದಂಥ ಕಡೆ ಬೆಳೆ ಕಾಯುವವನಿಗೆ ಕಾನೂನು ಎರಡು ಪ್ರಾಣಿಗಳ ನಡುವೆ ಗೆರೆ ಎಳೆದಿದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಬಾಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಲು ಅವಕಾಶ ಇಟ್ಟಿದೆ. ಅಂದರೆ ರೈತನ ಕೈಗೆ ಕಾಯ್ದೆ ಕೊಡುವ ಆಯುಧ ಇಂದಿಗೂ ಎನ್‌ಫೀಲ್ಡಿನ ಕಾಲದ ಬಗೆಯದು. ಆದರೆ ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಂತೆ ಹಂದಿಯಂಥ ಪ್ರಾಣಿ ಬೆಳೆಗೆ ಅಪಾಯಕಾರಿಯಾದರೆ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಗೆ ಬೆಳೆನಾಶ ಕಾರಣವಾಗದು. ಅದು ಮನುಷ್ಯನ ಜೀವಕ್ಕೆ ಅಪಾಯ ತಂದಿರಬೇಕು, ಇಲ್ಲವೆ ಚೇತರಿಸಿಕೊಳ್ಳಲಾಗದಂತೆ ರೋಗಪೀಡಿತವೋ ಊನವೋ ಆಗಿರಬೇಕು, ಅಪ್ಪಣೆಯೂ ಮುಖ್ಯ ವನ್ಯಜೀವಿ ಪರಿಪಾಲಕರಿಂದಲೇ ಬರಬೇಕು. ಕೊಂದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದತನಕದ ಸೆರೆ. ಚಿಗರಿ ಮೇಯ್ದ ಹೊಲದ ರೈತನಿಗೆ ಉಳಿದಿರುವುದು ಹಾನಿಯ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಕೊಡುವ ಅರ್ಜಿ.